ಕೊನೆಯ ನಲ್ಲಿಯ ಕ್ಲೋರಿನ್

ಹತ್ತು ಮಿಲಿಲೀಟರ್ ನೀರಿಗೆ ಒಂದು ಡಿಪಿಡಿ ಮಾತ್ರೆ ಪುಡಿ ಮಾಡಿ ಕಲಕಿದರೆ, ಗಾಜಿನ ನಳಿಕೆಯೊಳಗೆ ಗುಲಾಬಿ ಬಣ್ಣ ಮೂಡುತ್ತದೆ. ಬಣ್ಣ ಗಾಢವಾದಷ್ಟೂ ನೀರಿನಲ್ಲಿ ಉಳಿದಿರುವ ಕ್ಲೋರಿನ್ ಹೆಚ್ಚು. ಬ್ರಿಟನ್ನಿನ ಎ.ಟಿ. ಪಾಲಿನ್ 1957ರಲ್ಲಿ ರೂಪಿಸಿದ ಈ ಪರೀಕ್ಷೆ ಇಂದಿಗೂ ಚಾಲ್ತಿಯಲ್ಲಿದೆ. ಬಣ್ಣ ಬರದಿದ್ದರೆ ಸಾಮಾನ್ಯವಾಗಿ ಕ್ಲೋರಿನ್ ಇಲ್ಲವೆಂದೇ ಅರ್ಥ. ಹಾಗೆಂದು, ಆಗತಾನೆ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಸುರಿದವರು ಹುಷಾರಾಗಿರಬೇಕು. ಕ್ಲೋರಿನ್ ವಿಪರೀತವಾದರೂ ಅದು ಆ ಗುಲಾಬಿಯನ್ನೇ ಅಳಿಸಿಬಿಡುತ್ತದೆ!

ಪರೀಕ್ಷೆ ಸುಲಭ. ಯಾವ ನಲ್ಲಿಯಲ್ಲಿ ಮಾಡಬೇಕು ಎಂಬುದೇ ಪ್ರಶ್ನೆ.

ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ ಕ್ಲೋರಿನ್ ಸಹಿತ ಬೆಂಗಳೂರಿಗೆ ಬರುತ್ತದೆ. ಆದರೆ ಅಪಾರ್ಟ್‌ಮೆಂಟಿನ ಗೇಟು ದಾಟಿದ ಮೇಲೆ ಅದರ ಇನ್ನೊಂದು ಪಯಣ ಶುರು: ಸಂಪು, ಪಂಪು, ಓವರ್‌ಹೆಡ್ ಟ್ಯಾಂಕು, ಮಹಡಿ ಮಹಡಿಗೆ ಇಳಿಯುವ ಪೈಪುಗಳು. ಸಂಪಿನ ತಳದ ಕೆಸರು, ಪೈಪಿನ ತುಕ್ಕು, ಒಳಗೋಡೆಯ ಲೋಳೆ ಎಲ್ಲವೂ ಕ್ಲೋರಿನ್ ತಿನ್ನುತ್ತವೆ. ಬಿಸಿಲಿಗೆ ಕಾದ ಟ್ಯಾಂಕಿನಲ್ಲಿ ಅದು ಇನ್ನೂ ಬೇಗ ಕಡಿಮೆಯಾಗುತ್ತದೆ. ಕ್ಲೋರಿನ್ ಹಾಕಿದ ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎನ್ನುತ್ತದೆ ಭಾರತೀಯ ಮಾನಕ ಐಎಸ್ 10500. ಗೇಟಿನಲ್ಲಿ ಅಷ್ಟಿದ್ದ ಮಾತ್ರಕ್ಕೆ, ತಿಂಗಳಿಂದ ಬೀಗ ಹಾಕಿದ ಹನ್ನೆರಡನೇ ಮಹಡಿಯ ಫ್ಲಾಟಿನಲ್ಲೂ ಇದೆ ಎನ್ನಲಾಗದು.

ಕ್ಲೋರಿನ್ ಹೀಗೆ ಕಾಣೆಯಾದರೆ ಏನಾದೀತು ಎಂಬುದಕ್ಕೆ ಅಮೆರಿಕದ ಫ್ಲಿಂಟ್ ನಗರ ಸಾಕ್ಷಿ. 2014ರ ಏಪ್ರಿಲ್‌ನಲ್ಲಿ ಅಲ್ಲಿನ ಆಡಳಿತ ಡೆಟ್ರಾಯಿಟ್ ನೀರನ್ನು ಬಿಟ್ಟು ಫ್ಲಿಂಟ್ ನದಿಯ ನೀರು ಹರಿಸಿತು. ಪೈಪು ಸವೆಯದಂತೆ ಸೇರಿಸಬೇಕಿದ್ದ ರಾಸಾಯನಿಕವನ್ನು ಸೇರಿಸಲಿಲ್ಲ. ಪೈಪು ಸವೆದು ಸೀಸ ನೀರಿಗಿಳಿದ ಕತೆ ಜಗತ್ತಿಗೇ ಗೊತ್ತು. ತುಕ್ಕು ಹಿಡಿದ ಕಬ್ಬಿಣ ಕ್ಲೋರಿನ್ನನ್ನೂ ನುಂಗಿತೆಂಬುದು ಅಷ್ಟಾಗಿ ಸುದ್ದಿಯಾಗಲಿಲ್ಲ. 2014–15ರಲ್ಲಿ ಆ ಪ್ರದೇಶದಲ್ಲಿ ಸುಮಾರು 90 ಮಂದಿಗೆ ಲೀಜನೇರ್ಸ್ ಕಾಯಿಲೆ ತಗುಲಿತು, 12 ಮಂದಿ ಸತ್ತರು. ಕ್ಲೋರಿನ್ ಕುಸಿತಕ್ಕೂ ಕಾಯಿಲೆಗೂ ನಂಟಿದೆಯೆಂದು ಮುಂದೆ ಸಂಶೋಧಕರು ತೋರಿಸಿದರು.

ಲೀಜನೇರ್ಸ್ ಎಂಬುದು 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದಾಗ ಈ ಕಾಯಿಲೆಗೆ ತುತ್ತಾದ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದಿಂದ ಬಂದ ಹೆಸರು. ಅದನ್ನು ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾ ಉಗುರು ಬೆಚ್ಚಗಿನ, ನಿಂತ ನೀರಿನಲ್ಲಿ ಬೆಳೆದು, ಷವರಿನ ತುಂತುರಿನೊಂದಿಗೆ ಶ್ವಾಸಕೋಶ ಸೇರುತ್ತದೆ. 2020ರ ಲಾಕ್‌ಡೌನ್ ಮುಗಿದಾಗ, ಮುಚ್ಚಿದ್ದ ಕಟ್ಟಡಗಳ ನಲ್ಲಿಗಳನ್ನೆಲ್ಲ ತಿರುಗಿಸಿ ಹಳೇ ನೀರು ಹೊರಬಿಡಿ ಎಂದು ತಜ್ಞರು ಹೇಳಿದ್ದು ಇದಕ್ಕೇ.

ಹಾಗಾಗಿ ಅಳೆಯಬೇಕಾದ್ದು ಸಂಪಿಗೆ ನೀರು ಬೀಳುವಲ್ಲಿ, ಟ್ಯಾಂಕಿನಲ್ಲಿ, ಮತ್ತು ಮುಖ್ಯವಾಗಿ ಅತಿ ದೂರದ ನಲ್ಲಿಯಲ್ಲಿ. ಅದೂ ಆರ್‌ಒ ಯಂತ್ರಕ್ಕಿಂತ ಮೊದಲು, ಏಕೆಂದರೆ ಅದರೊಳಗಿನ ಇದ್ದಿಲು ಕ್ಲೋರಿನ್ನನ್ನು ತೆಗೆದುಬಿಡುತ್ತದೆ. ಬೆಳಗಿನ ಮೊದಲ ನೀರು ಪೈಪಿನ ಸ್ಥಿತಿ ಹೇಳುತ್ತದೆ. ಸಾಕಷ್ಟು ಹೊತ್ತು ಹರಿಸಿದ ಮೇಲಿನ ನೀರು ಟ್ಯಾಂಕಿನದ್ದು. ದೊಡ್ಡ ಆಸ್ಪತ್ರೆ, ಹೋಟೆಲುಗಳಿಗೆ ದಿನವಿಡೀ ಅಳೆಯುವ ಸೆನ್ಸರುಗಳೂ ಸಿಗುತ್ತವೆ. ಉಳಿದವರಿಗೆ ಒಂದು ಕಿಟ್ಟು, ಒಂದು ನೋಟ್‌ಬುಕ್ಕು ಸಾಕು. ಮುಂದಿನ ಸಲ ಟ್ಯಾಂಕು ತೊಳೆಸಿದ ಲೆಕ್ಕ ಒಪ್ಪಿಸುವಾಗ, ಕೊನೆಯ ನಲ್ಲಿಯ ರೀಡಿಂಗ್ ಎಷ್ಟು ಎಂದು ಅಸೋಸಿಯೇಷನ್ನಿನವರನ್ನು ಕೇಳಿ ನೋಡಿ.