ಇಲ್ಲದ ಲೋಹಕ್ಕೂ ಲೆಕ್ಕವಿದೆ!

ಘನದ ಎಂಟು ಮೂಲೆಗಳಲ್ಲಿ ಒಂದೊಂದು ಪರಮಾಣು, ನಟ್ಟನಡುವೆ ಇನ್ನೊಂದು: ಕ್ರೋಮಿಯಂ ಇರುವುದೇ ಹಾಗೆ, ಕಾಯಿಸಿ ಕರಗಿಸುವವರೆಗೂ. ನಡುವಿನದನ್ನು ಬಿಟ್ಟು ಆರು ಮುಖಗಳ ಮಧ್ಯೆ ಪರಮಾಣು ಕೂತ ಶುದ್ಧ ಕ್ರೋಮಿಯಂ ಯಾವ ಕುಲುಮೆಯಿಂದಲೂ ಹೊರಬರುವುದಿಲ್ಲ. ಆದರೂ ಅದರ ಶಕ್ತಿ ಎಷ್ಟೆಂದು ಲೋಹಶಾಸ್ತ್ರದ ದತ್ತಾಂಶಕೋಶಗಳಲ್ಲಿ ಬರೆದಿಟ್ಟಿದ್ದಾರೆ! ಯಾಕೆ ಗೊತ್ತೇ? 18-8 ಸ್ಟೇನ್‌ಲೆಸ್ ಸ್ಟೀಲಿನೊಳಗೆ ಕ್ರೋಮಿಯಂ ಪರಮಾಣು ಅಂಥದ್ದೇ ಪರಕೀಯ ಜೋಡಣೆಯಲ್ಲಿ ಜಾಗ ಹಿಡಿಯಬೇಕು. ಇಲ್ಲದ ಲೋಹದ ಆ ಸಂಖ್ಯೆ ಕೈಯಲ್ಲಿಲ್ಲದಿದ್ದರೆ ಇರುವ ಉಕ್ಕಿನ ಲೆಕ್ಕ ಕೂಡಿಬರದು.

ಈ ಲೆಕ್ಕದ ಮೂಲಸೂತ್ರ ಹಳೆಯದು. ನೀರು ತಗ್ಗಿಗೆ ಹರಿಯುವಂತೆ ಪದಾರ್ಥವೂ ತನಗೆ ಸಾಧ್ಯವಾದ ಅತಿ ಕಡಿಮೆ ಶಕ್ತಿಯತ್ತ ಜಾರುತ್ತದೆ ಎಂದು ಅಮೆರಿಕದ ಗಿಬ್ಸ್ 1876-78ರಲ್ಲೇ ತೋರಿಸಿದ್ದ. ಆ ತಗ್ಗನ್ನು ಕಂಪ್ಯೂಟರಿನಿಂದ ಹುಡುಕಿಸಬಹುದೆಂದು ಲ್ಯಾರಿ ಕೌಫ್‌ಮನ್ ಮತ್ತು ಹೆರಾಲ್ಡ್ ಬರ್ನ್‌ಸ್ಟೈನ್ 1970ರಲ್ಲಿ ಪುಸ್ತಕವನ್ನೇ ಬರೆದರು. ಆ ಹುಡುಕಾಟಕ್ಕೆಂದೇ ಸ್ಟಾಕ್‌ಹೋಮಿನಲ್ಲಿ ಥರ್ಮೋ-ಕ್ಯಾಲ್ಕ್ ಎಂಬ ತಂತ್ರಾಂಶ ಹುಟ್ಟಿತು. ಮಾಂಟ್ರಿಯಲ್ ಮತ್ತು ಆಖೆನ್‌ನ ಎರಡು ತಂತ್ರಾಂಶಗಳು ಕೂಡಿ 2001ರಲ್ಲಿ ಫ್ಯಾಕ್ಟ್‌ಸೇಜ್ ಆಯಿತು.

ಇನ್ನು ಈ ಲೆಕ್ಕದ ಹರವು ನೋಡಿ! ಹತ್ತು ಧಾತುಗಳನ್ನು ಶೇ 10ರ ಹೆಜ್ಜೆಯಲ್ಲಿ ಬೆರೆಸುತ್ತಾ ಹೋದರೂ 92,378 ಬೆರಕೆಗಳಾಗುತ್ತವೆ, ಅದೂ ಒಂದೇ ಉಷ್ಣತೆಗೆ. ಯಾವ ಪ್ರಯೋಗಾಲಯ ಅಷ್ಟನ್ನು ಕರಗಿಸಿ ನೋಡೀತು? ಆದರೆ ಅದೇ ಹತ್ತರಲ್ಲಿ ಎರಡೆರಡರ ಜೋಡಿ ಬರೀ 45, ಮೂರರ ಗುಂಪು 120. ಇಷ್ಟರ ಗುಣ ಸರಿಯಾಗಿ ತಿಳಿದರೆ ಹತ್ತೂ ಕೂಡಿದ ಮಿಶ್ರಲೋಹ ಏನು ಮಾಡೀತೆಂದು ತಂತ್ರಾಂಶ ಬಹುಮಟ್ಟಿಗೆ ಊಹಿಸಬಲ್ಲದು. ನನಗಂತೂ ಇದು ಇಡೀ ವಿದ್ಯೆಯ ಅತಿ ದೊಡ್ಡ ಚಮತ್ಕಾರ.

ಹಾಗೆಂದು ಯಂತ್ರಕ್ಕೆ ಉಕ್ಕು ಮಾಡಿ ಗೊತ್ತಿಲ್ಲ! ಕಬ್ಬಿಣ, ಇಂಗಾಲ ಕೊಟ್ಟು ಸುಮ್ಮನೆ ಬಿಟ್ಟರೆ ಅದು ಕಬ್ಬಿಣದ ಜೊತೆ ಗ್ರಾಫೈಟ್ ತೋರಿಸುತ್ತದೆ. ತಪ್ಪೇನಲ್ಲ, ಅತಿ ಕಡಿಮೆ ಶಕ್ತಿಯ ಜೋಡಿ ಅದೇ. ಆದರೆ ನಿಜದ ಉಕ್ಕಿನಲ್ಲಿ ಗ್ರಾಫೈಟ್ ಮೂಡುವಷ್ಟು ಪುರುಸೊತ್ತಿರುವುದಿಲ್ಲ, ಮೊದಲು ಕಬ್ಬಿಣ-ಇಂಗಾಲದ ಸಂಯುಕ್ತವಾದ ಸಿಮೆಂಟೈಟ್ ಹುಟ್ಟಿಬಿಡುತ್ತದೆ. ಹಾಗಾಗಿ ಗ್ರಾಫೈಟನ್ನು ಲೆಕ್ಕದಿಂದ ಕೈಬಿಡು ಎಂದು ಮನುಷ್ಯನೇ ಹೇಳಬೇಕು. ಕುಲುಮೆ ಕಂಡವನ ಅನುಭವ ಇಲ್ಲಿ ಇನ್ನೂ ಬೇಕು.

ದತ್ತಾಂಶವಾದರೂ ಎಲ್ಲಿಂದ ಬರಬೇಕು? ಬೆವರಿನಿಂದಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಟಿ. ಜೇಕಬ್ ಮತ್ತು ಅವರ ಶಿಷ್ಯರು ಇಂಥ ಅಳತೆಗಳಿಗೆಂದೇ ದಶಕಗಳನ್ನು ಕಳೆದರು. ವಿಧಾನ ಕೇಳಿದರೆ ರೋಮಾಂಚನ: ಕೆಂಪಗೆ ಕಾದ ಜಿರ್ಕೋನಿಯಾ ಪಿಂಗಾಣಿಯ ಒಂದು ಬದಿಗೆ ಪರೀಕ್ಷಿಸಬೇಕಾದ ಪದಾರ್ಥ, ಇನ್ನೊಂದು ಬದಿಗೆ ಶಕ್ತಿ ಗೊತ್ತಿರುವ ಪದಾರ್ಥ. ಬಿಸಿಯಲ್ಲಿ ಆ ಪಿಂಗಾಣಿಯ ಮೂಲಕ ಆಮ್ಲಜನಕದ ಅಯಾನುಗಳು ಮಾತ್ರ ಸಾಗುತ್ತವೆ. ಎರಡು ಬದಿಗಳ ನಡುವಿನ ವೋಲ್ಟೇಜನ್ನು ಅಳೆದರೆ ಸಾಕು, ಗಿಬ್ಸ್ ಹೇಳಿದ ಆ ಶಕ್ತಿ ನೇರವಾಗಿ ಸಿಕ್ಕಂತೆ! ಸಾವಿರ ಡಿಗ್ರಿ ಬಿಸಿಯ ಗುಟ್ಟು ಒಂದು ಮೀಟರಿನ ಮುಳ್ಳಿನಲ್ಲಿ.

ಈ ಲೆಕ್ಕ ನೀವೂ ಮಾಡಬಹುದು, ದುಬಾರಿ ಪರವಾನಗಿಯ ಹೆದರಿಕೆ ಬೇಡ. ಪೈಕ್ಯಾಲ್‌ಫ್ಯಾಡ್, ಓಪನ್‌ಕ್ಯಾಲ್‌ಫ್ಯಾಡ್ ಎಂಬ ತಂತ್ರಾಂಶಗಳೆರಡೂ ಉಚಿತ. ಲೋಹಶಾಸ್ತ್ರ ಓದುತ್ತಿರುವವರು ಮೊದಲು ಅವುಗಳಲ್ಲಿ ತವರ ಮತ್ತು ಸೀಸವನ್ನು ಬೆರೆಸಿ ನೋಡಿ: ಬೆಸುಗೆಯ ಆ ಜೋಡಿ ಅತಿ ಕಡಿಮೆ ಉಷ್ಣತೆಯಲ್ಲಿ ಕರಗುವುದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಿಮ್ಮ ಪರದೆಯ ಮೇಲೂ ಹೆಚ್ಚುಕಡಿಮೆ ಅದೇ ಬರಬೇಕು.