ಸಾಫ್ಟ್‌ವೇರ್ ಗಡುವು: ಹುಣಸೆ ಸೀಸನ್ನಿಗೆ ಮುಂಚೆಯೇ ಲೆಕ್ಕ ಹಾಕಿ

ಹಿಂದೂಪುರ: ‘ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿದೆ, ಬಿಲ್ಲೂ ಬರುತ್ತಿದೆ, ಬದಲಾಯಿಸುವುದು ಯಾಕೆ?’ ಇಲ್ಲಿನ ಮಂಡಿಗಳಲ್ಲೂ ಕಲ್ಯಾಣದುರ್ಗದ ಗೊಬ್ಬರದ ಅಂಗಡಿಗಳಲ್ಲೂ ಕೇಳಿಬರುವ ಮಾತಿದು. ಮಾತಿನಲ್ಲಿ ತಪ್ಪಿಲ್ಲ. ಗಡುವು ಮುಗಿದ ದಿನ ಕಂಪ್ಯೂಟರ್ ನಿಂತುಹೋಗುವುದಿಲ್ಲ. ನಿಲ್ಲುವುದು ಕಂಪನಿ ತಿಂಗಳು ತಿಂಗಳೂ ಕಳುಹಿಸುತ್ತಿದ್ದ ರಿಪೇರಿ ಮಾತ್ರ. ಆಮೇಲೆ ಕಳ್ಳರಿಗೆ ಒಂದು ಕಿಂಡಿ ಸಿಕ್ಕರೆ ಅದನ್ನು ಮುಚ್ಚುವವರು ಯಾರೂ ಇರುವುದಿಲ್ಲ.

ವಿಂಡೋಸ್ ಎಕ್ಸ್‌ಪಿಗೆ ಈ ಗಡುವು 2014ರ ಏಪ್ರಿಲ್ 8ಕ್ಕೆ ಮುಗಿಯಿತು. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಫೀಸ್ 2016 ಮತ್ತು 2019ಕ್ಕೂ ಅದೇ ಅಕ್ಟೋಬರ್ 14 ಕೊನೆಯ ದಿನವಾಗಿತ್ತು. ಇವು ಯಾವುವೂ ಏಕಾಏಕಿ ಬಂದ ದಿನಾಂಕಗಳಲ್ಲ, ವರ್ಷಗಳ ಮೊದಲೇ ಪ್ರಕಟವಾಗಿದ್ದವು. ನಾವು ಓದಲಿಲ್ಲ, ಅಷ್ಟೆ.

ಓದದಿದ್ದರೆ ಏನಾಗುತ್ತದೆ ಎಂಬುದನ್ನು 2017ರ ಮೇ ತಿಂಗಳು ತೋರಿಸಿತು. ವನ್ನಾಕ್ರೈ ಎಂಬ ವೈರಸ್ ಜಗತ್ತಿನಾದ್ಯಂತ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ನಮ್ಮ ಆಂಧ್ರ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರ್‌ಗಳಿಗೂ ಅದು ತಗುಲಿತು. ಆ ಕಿಂಡಿ ಮುಚ್ಚುವ ರಿಪೇರಿಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆ, ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಂಡಿದ್ದವರು ಪಾರಾದರು.

ಈ ಭಾಗದ ಅನೇಕರು ಕಂಪ್ಯೂಟರ್ ಕೊಂಡದ್ದು 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ. ತೊಂದರೆ ಇರುವುದು ಅಲ್ಲೇ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಇರಬೇಕು. ಆಗ ಕೊಂಡ ಯಂತ್ರಗಳು ಹೆಚ್ಚಾಗಿ ಅದಕ್ಕಿಂತ ಹಳೆಯವು. ಮೈಕ್ರೋಸಾಫ್ಟ್‌ನ ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿದರೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಕಾಸು ಕೊಟ್ಟು ಗಡುವು ಮುಂದೂಡುವ ದಾರಿಯೂ ಇದೆ. ವ್ಯಾಪಾರ ಸಂಸ್ಥೆಗಳಿಗೆ ಮೊದಲ ವರ್ಷ ಕಂಪ್ಯೂಟರ್ ಒಂದಕ್ಕೆ 61 ಡಾಲರ್, ಆಮೇಲೆ ಪ್ರತಿ ವರ್ಷ ಅದರ ಎರಡರಷ್ಟು, ಹೆಚ್ಚೆಂದರೆ ಮೂರು ವರ್ಷ ಎಂದು ಕಂಪನಿ ಘೋಷಿಸಿತ್ತು. ಹಳೆಯ ಯಂತ್ರಕ್ಕೆ ಇಷ್ಟು ಸುರಿಯುವ ಮೊದಲು ಹೊಸದರ ಬೆಲೆ ವಿಚಾರಿಸುವುದು ಒಳ್ಳೆಯದು.

ಇನ್ನು ಬದಲಾವಣೆ ಯಾವಾಗ? ಕಂಪ್ಯೂಟರ್ ಅಂಗಡಿಯವರು ಹೇಳಿದಾಗ ಅಲ್ಲ, ನಿಮ್ಮ ವ್ಯಾಪಾರ ತಣ್ಣಗಿರುವಾಗ. ಹಿಂದೂಪುರದಲ್ಲಿ ಹುಣಸೆಹಣ್ಣು ಯಾರ್ಡಿಗೆ ಬರುವ ಹೊತ್ತಿಗೇ ಮಾರ್ಚ್ 31ರ ಲೆಕ್ಕವೂ ತಲೆಯ ಮೇಲಿರುತ್ತದೆ. ಮಂಡಿಯವರು ಆಗ ಹೊಸ ತಂತ್ರಾಂಶಕ್ಕೆ ಕೈ ಹಾಕಬಾರದು. ಕಲ್ಯಾಣದುರ್ಗದ ಲೆಕ್ಕವೇ ಬೇರೆ. ಅಲ್ಲಿ ಜೂನ್, ಜುಲೈನಲ್ಲಿ ಕಡಲೆಕಾಯಿ ಬಿತ್ತನೆ. ಬೀಜ, ಗೊಬ್ಬರದ ಅಂಗಡಿಯವರಿಗೆ ಉಸಿರಾಡಲು ಬಿಡುವಿರುವುದಿಲ್ಲ. ಕಡಲೆಕಾಯಿ ಕೊಳ್ಳುವ ವ್ಯಾಪಾರಿಗೆ ಕೊಯ್ಲಿನ ಅಕ್ಟೋಬರ್, ನವೆಂಬರ್ ಆಗದು, ವಿಂಡೋಸ್ 10ರ ಗಡುವು ಸರಿಯಾಗಿ ಅಲ್ಲಿಗೇ ಬಂದು ಬಿದ್ದಿತ್ತು. ಆದ್ದರಿಂದ ಗಡುವಿನ ದಿನದಿಂದ ಹಿಂದಕ್ಕೆ ಎಣಿಸಿ, ಬಿಡುವಿನ ಒಂದು ತಿಂಗಳು ಆರಿಸಿಕೊಳ್ಳಿ. ಅದರಲ್ಲೂ ಜಿಎಸ್‌ಟಿ ರಿಟರ್ನಿನ 11 ಮತ್ತು 20ನೇ ತಾರೀಖುಗಳನ್ನು ತಪ್ಪಿಸಿ.

ಆ ತಿಂಗಳಲ್ಲಿ ಹಳೆಯದೂ ಹೊಸದೂ ಎರಡೂ ಜೊತೆಯಲ್ಲಿ ನಡೆಯಲಿ. ಟ್ಯಾಲಿಯ ಇಆರ್‌ಪಿ 9 ಬಳಸುತ್ತಿದ್ದವರು 2020ರಲ್ಲಿ ಬಂದ ಟ್ಯಾಲಿ ಪ್ರೈಮ್‌ಗೆ ಹೋಗುವಾಗ ಮೊದಲು ಡೇಟಾವನ್ನು ಬೇರೆ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಆ ನಕಲಿನ ಮೇಲೆಯೇ ಪ್ರಯೋಗ ಮಾಡಬೇಕು. ಹೊಸ ಆವೃತ್ತಿಯಲ್ಲಿ ತೆರೆದ ಲೆಕ್ಕ ಹಳೆಯದರಲ್ಲಿ ಮತ್ತೆ ತೆರೆಯದೆ ಹೋಗಬಹುದು. ನಮ್ಮಂಥ ಗಡಿಯವರಿಗೆ ಒಂದು ಸುಲಭ ಪರೀಕ್ಷೆ ಇದೆ. ಗೌರಿಬಿದನೂರಿನ, ಅಂದರೆ 29ರಿಂದ ಶುರುವಾಗುವ ಜಿಎಸ್‌ಟಿ ಸಂಖ್ಯೆಯ ಒಬ್ಬ ಗಿರಾಕಿಗೆ ಒಂದು ಬಿಲ್, ನಮ್ಮ 37ರ ಗಿರಾಕಿಗೆ ಒಂದು ಬಿಲ್ ಹಾಕಿ. ತೆರಿಗೆ ಇರುವ ಸರಕಾದರೆ ಮೊದಲನೆಯದರಲ್ಲಿ ಐಜಿಎಸ್‌ಟಿ ಬರಬೇಕು, ಎರಡನೆಯದರಲ್ಲಿ ತೆರಿಗೆ ಎರಡು ಪಾಲಾಗಬೇಕು. ವಿಳಾಸವನ್ನೂ ಒಮ್ಮೆ ನೋಡಿಕೊಳ್ಳಿ. 2022ರ ಏಪ್ರಿಲ್‌ನಿಂದ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿದಿದೆ. ಹಳೆಯ ಬಿಲ್ಲುಗಳಲ್ಲಿ ಎರಡೂ ಒಂದೇ ಜಿಲ್ಲೆ!

ಯಾರೂ ಮೊದಲೇ ಹೇಳದ ಕಷ್ಟವೆಂದರೆ ತಂತಿಗಳದ್ದು. ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಅಗಲವಾದ ಪಿನ್, ವೇಬ್ರಿಡ್ಜ್ ತೂಕ ತರುವ ಸೀರಿಯಲ್ ತಂತಿ, ಇವೆರಡಕ್ಕೂ ಹೊಸ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಜಾಗವೇ ಇರುವುದಿಲ್ಲ. ಯುಎಸ್‌ಬಿ ಕನ್ವರ್ಟರ್ ಹಾಕಿಸಿ, ಲಾರಿ ನಿಲ್ಲಿಸಿ ತೂಕ ಬರುತ್ತದೆಯೇ ನೋಡಿ, ಆಮೇಲೆ ಹಣ ಕೊಡಿ.

ಎರಡು ಭಾಷೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಡಿಟಿಪಿ ಅಂಗಡಿಗಳ ಪಾಡು ಇನ್ನೂ ಕಷ್ಟ. ಕನ್ನಡಕ್ಕೆ ನುಡಿ, ತೆಲುಗಿಗೆ ಅನು, ಜೋಡಿಸಲು ಪೇಜ್‌ಮೇಕರ್. ಪೇಜ್‌ಮೇಕರ್ ಬೆಳವಣಿಗೆಯನ್ನು ಅಡೋಬ್ 2004ರಲ್ಲೇ ನಿಲ್ಲಿಸಿತು. ಅದರ ಕಡತಗಳನ್ನು ಇನ್‌ಡಿಸೈನ್ ತೆರೆಯುತ್ತಿದ್ದದ್ದು ಸಿಎಸ್6 ಆವೃತ್ತಿಯವರೆಗೆ ಮಾತ್ರ. ಹಳೆಯ ಯಂತ್ರ ಬದುಕಿರುವಾಗಲೇ ಮಾದರಿಗಳನ್ನೆಲ್ಲ ಪಿಡಿಎಫ್ ಮಾಡಿಟ್ಟು, ಫಾಂಟುಗಳನ್ನು ಬೇರೆ ಕಡೆ ಉಳಿಸಿಕೊಳ್ಳಬೇಕು.

ಇದನ್ನು ಕಲಿತದ್ದು ನಾನೇ ಕೆಟ್ಟ ಮೇಲೆ. ಬಿ.ಎ. ಓದಿದ ನನಗೆ ಫಾಂಟಿನ ಮರ್ಮ ಏನು ಗೊತ್ತು! ನುಡಿಯ ಹಳೆಯ ಅಕ್ಷರದಲ್ಲಿ ಬರೆದಿದ್ದ ವರದಿಗಳ ಕಂಪ್ಯೂಟರನ್ನು ಒಬ್ಬರು ಫಾರ್ಮ್ಯಾಟ್ ಮಾಡಿಕೊಟ್ಟರು. ಕಡತಗಳು ಉಳಿದವು, ಆದರೆ ತೆರೆದರೆ ಪುಟ ತುಂಬ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆ. ಗೆಳೆಯರೊಬ್ಬರು ಯುನಿಕೋಡ್‌ಗೆ ಪರಿವರ್ತಿಸಿ ಮುಕ್ಕಾಲು ಪಾಲು ಹಿಂದಕ್ಕೆ ತಂದರು. ಉಳಿದ ಕಾಲು ಇಂದಿಗೂ ಹಾಗೇ ಇದೆ.

ಹೊಸದು ಬಂತೆಂದು ಹಳೆಯ ಯಂತ್ರವನ್ನು ಗುಜರಿಗೆ ಹಾಕಬೇಡಿ. ಜಿಎಸ್‌ಟಿ ಕಾನೂನಿನಂತೆ ಲೆಕ್ಕಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನದಿಂದ 72 ತಿಂಗಳು ಇಟ್ಟಿರಬೇಕು. ಅದರ ಇಂಟರ್‌ನೆಟ್ ಸಂಪರ್ಕ ತೆಗೆದು, ಹೊರಗಿನ ಪೆನ್ ಡ್ರೈವ್ ಹಾಕದೆ ಒಂದು ಮೂಲೆಯಲ್ಲಿಟ್ಟರೆ ಹಳೆಯ ಬಿಲ್ ತೆಗೆಯಲು ಸಾಕು. ಇ-ವೇ ಬಿಲ್, ಬ್ಯಾಂಕ್ ವ್ಯವಹಾರವೆಲ್ಲ ಹೊಸದರಲ್ಲೇ ನಡೆಯಲಿ.