ಎಸ್‌ಪಿ ಹುದ್ದೆಯಲ್ಲೇ ಉಳಿದ ಕಮಿಷನರ್

ಬೆಂಗಳೂರಿನಿಂದ ರಾತ್ರಿ ಹೊರಟ ಬಸ್ಸು ನಸುಕಿಗೆಲ್ಲ ಚೆನ್ನೈನ ಕೋಯಂಬೇಡಿಗೆ ತಂದು ಇಳಿಸುತ್ತದೆ. ಕಣ್ಣುಜ್ಜಿಕೊಂಡು ಹೊರಗೆ ಬಂದರೆ ಎದುರಿಗೆ ಲಾರಿಗಳ ಸಾಲು. ಕೋಲಾರದ ಟೊಮೆಟೊ ಕ್ರೇಟುಗಳು ನಮಗಿಂತ ಮೊದಲೇ ಬಂದು ಮಾರುಕಟ್ಟೆ ಸೇರಿರುತ್ತವೆ. ಅಲ್ಲಿಂದ ಸ್ವಲ್ಪ ದೂರದಲ್ಲಿ, ನೂರಡಿ ರಸ್ತೆಯ ಪಕ್ಕ, ಡಿಎಂಡಿಕೆ ಪಕ್ಷದ ಕಚೇರಿ. ಅದರ ಆವರಣದಲ್ಲಿ ನಟ ವಿಜಯಕಾಂತ್ ಸಮಾಧಿ ಇದೆ.

2023ರ ಡಿಸೆಂಬರ್ 28ರಂದು ತೀರಿಕೊಂಡ ಅವರನ್ನು ಮರುದಿನ ಸಂಜೆ ಇಲ್ಲೇ ಮಣ್ಣು ಮಾಡಿದರು. ಸಕಲ ಸರ್ಕಾರಿ ಗೌರವ. ಖಾಕಿ ತೊಟ್ಟ ಪೊಲೀಸರು ಸಾಲಾಗಿ ನಿಂತು ಆಕಾಶಕ್ಕೆ ಗುಂಡು ಹಾರಿಸಿದರು. ‘ಪುಲನ್ ವಿಸಾರಣೈ’, ‘ಛತ್ರಿಯನ್’, ‘ವಲ್ಲರಸು’ ಹೀಗೆ ಚಿತ್ರದಿಂದ ಚಿತ್ರಕ್ಕೆ ಖಾಕಿ ತೊಟ್ಟು ತಮಿಳರ ಮನಸ್ಸಿನಲ್ಲಿ ದಕ್ಷ ಪೊಲೀಸ್ ಅಧಿಕಾರಿಯಾಗಿ ಕೂತವರು ವಿಜಯಕಾಂತ್. ಪರದೆಯ ಪೊಲೀಸನಿಗೆ ಇಲಾಖೆಯ ಪೊಲೀಸರು ಸಲ್ಲಿಸಿದ ವಂದನೆ ಅದು. ಅವರು ರಾಜಕಾರಣಿಯಾಗಿ ವಿರೋಧ ಪಕ್ಷದ ನಾಯಕರೂ ಆಗಿದ್ದರು, ಸರ್ಕಾರಿ ಗೌರವಕ್ಕೆ ಅದೂ ಕಾರಣ. ಆದರೆ ಜನರ ಬಾಯಲ್ಲಿ ಕೊನೆವರೆಗೆ ಉಳಿದದ್ದು 1991ರ ‘ಕ್ಯಾಪ್ಟನ್ ಪ್ರಭಾಕರನ್’ ಕೊಟ್ಟ ‘ಕ್ಯಾಪ್ಟನ್’ ಎಂಬ ಬಿರುದೇ.

ಆ ಸಮಾಧಿಯ ಮುಂದೆ ನಿಂತ ಕನ್ನಡಿಗನಿಗೆ ಇನ್ನೊಂದು ಹೆಸರು ನೆನಪಾಗದೆ ಇರದು. ನಮ್ಮಲ್ಲಿ ಆದದ್ದು ಇದರ ತಿರುಗುಮುರುಗು. ಅಲ್ಲಿ ನಟ ಪೊಲೀಸನಾದ. ಇಲ್ಲಿ ಪೊಲೀಸ್ ಅಧಿಕಾರಿಯೊಬ್ಬರು ಸೇವೆಯಲ್ಲಿರುವಾಗಲೇ ಸಿನಿಮಾ ಆಗಿಹೋದರು. ಎಚ್.ಟಿ. ಸಾಂಗ್ಲಿಯಾನ.

ಅವರು ಮಿಜೋ ಬೆಟ್ಟಗಳ ಮಗ. ಹುಟ್ಟಿದ್ದು 1943ರ ಜೂನ್ 1ರಂದು. ಮಿಜೋ ಗಂಡಸರ ಹೆಸರು ಸಾಮಾನ್ಯವಾಗಿ ‘ಅ’ ದನಿಯಲ್ಲಿ ಮುಗಿಯುತ್ತದೆ. ನಮ್ಮ ರಾಮ, ಭೀಮ, ಕೆಂಚರ ಹಾಗೆ. ಬಹುಶಃ ಅದಕ್ಕೇ ಆ ಹೆಸರು ನಮ್ಮ ನಾಲಿಗೆಗೆ ಅಷ್ಟು ಸಲೀಸಾಗಿ ಒಗ್ಗಿತು. ಸಾಂಗ್ಲಿಯಾನನಿಗೆ, ಸಾಂಗ್ಲಿಯಾನನಿಂದ ಎಂದು ವಿಭಕ್ತಿ ಪ್ರತ್ಯಯ ಹಚ್ಚಿಕೊಂಡು ಊರಿನದೇ ಆಗಿಬಿಟ್ಟಿತು. ಬೀದಿಯಲ್ಲಿ ಯಾರಾದರೂ ಜೋರು ಮಾಡಿದರೆ ‘ಇವನೊಬ್ಬ ದೊಡ್ಡ ಸಾಂಗ್ಲಿಯಾನ’ ಎನ್ನುವಷ್ಟು.

ಅವರು ಐಪಿಎಸ್ ಸೇರಿದ್ದು 1967ರಲ್ಲಿ. ಆ ಇಸವಿಯ ಹಿಂದುಮುಂದನ್ನು ಒಮ್ಮೆ ನೋಡಬೇಕು. 1966ರ ಫೆಬ್ರುವರಿಯಲ್ಲಿ ಮಿಜೋ ಬಂಡಾಯ ಸಿಡಿದಿತ್ತು. ಮಾರ್ಚ್‌ನಲ್ಲಿ ಭಾರತದ ವಾಯುಪಡೆಯೇ ಐಜ್ವಾಲ್ ಮೇಲೆ ಬಾಂಬು ಹಾಕಿತ್ತು. ಊರಿನ ಬೂದಿ ಆರುವ ಮೊದಲೇ ಆ ನಾಡಿನ ಹುಡುಗನೊಬ್ಬ ಇದೇ ಭಾರತದ ಖಾಕಿ ತೊಟ್ಟು, ಭಾಷೆ ಬಾರದ ಕರ್ನಾಟಕಕ್ಕೆ ಬಂದ. ಸಿನಿಮಾ ಮಾಡುವವರಿಗೆ ನಿಜವಾದ ಕಥೆ ಇದ್ದದ್ದು ಇಲ್ಲಿ. ಆದರೆ ಅದು ಪರದೆಗೆ ಬರಲಿಲ್ಲ.

ಪರದೆಗೆ ಬಂದದ್ದು ಬೇರೆ. ಮಿಜೋರಾಂ ಪೂರ್ಣ ರಾಜ್ಯವಾದ ಮರುವರ್ಷ, 1988ರಲ್ಲಿ, ಪಿ. ನಂಜುಂಡಪ್ಪ ನಿರ್ದೇಶನದ ‘ಸಾಂಗ್ಲಿಯಾನ’ ತೆರೆಕಂಡಿತು. ನಾಯಕ ಶಂಕರ್‌ನಾಗ್. 1990ರಲ್ಲಿ ‘ಎಸ್.ಪಿ. ಸಾಂಗ್ಲಿಯಾನ ಭಾಗ 2’ ಬಂತು. ಅದೇ ವರ್ಷ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಅಪಘಾತದಲ್ಲಿ ಶಂಕರ್‌ನಾಗ್ ತೀರಿಕೊಂಡರು. ಮೂರನೆಯ ಭಾಗಕ್ಕೆ ದೇವರಾಜ್ ಬಂದರು ನಿಜ. ಆದರೂ ಆ ಪೊಲೀಸ್ ಟೋಪಿಯ ಕೆಳಗೆ ಜನರಿಗೆ ಕಾಣುವ ಮುಖ ಇವತ್ತಿಗೂ ಶಂಕರಣ್ಣನದೇ. ಆಟೊ ಹಿಂಬದಿಯ ಚಿತ್ರದಲ್ಲಿ ಅವರಿಗೆ ವಯಸ್ಸಾಗುವುದಿಲ್ಲ. ಅವರ ಜೊತೆ ಸಾಂಗ್ಲಿಯಾನನೂ ಅಲ್ಲೇ ನಿಂತುಬಿಟ್ಟ.

ಎಸ್‌ಪಿ ಎಂದರೆ ಜಿಲ್ಲೆಯ ಪೊಲೀಸ್ ಮುಖ್ಯಸ್ಥ. ಕಮಿಷನರ್ ಆಳುವ ಬೆಂಗಳೂರಿನಲ್ಲಿ ಅದೇ ದರ್ಜೆಯವರನ್ನು ಡಿಸಿಪಿ ಎನ್ನುತ್ತಾರೆ. ನಿಜದ ಸಾಂಗ್ಲಿಯಾನ ಆ ಮೆಟ್ಟಿಲನ್ನು ಎಂದೋ ದಾಟಿ, 2000ದ ದಶಕದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ಪೊಲೀಸ್ ಕಮಿಷನರ್ ಆದರು. ಆದರೆ ಕೇಳಿ ನೋಡಿ, ‘ಕಮಿಷನರ್ ಸಾಂಗ್ಲಿಯಾನ’ ಎಂದವರು ಎಷ್ಟು ಮಂದಿ? ಸರ್ಕಾರ ಕೊಟ್ಟ ಬಡ್ತಿಯನ್ನು ಜನ ಒಪ್ಪಲೇ ಇಲ್ಲ. ಜನರ ಪಾಲಿಗೆ ಅವರು ಎಂದೆಂದಿಗೂ ಎಸ್‌ಪಿ.

2003ರಲ್ಲಿ ನಿವೃತ್ತಿ. ಸಿನಿಮಾ ಆಗಿದ್ದರೆ ಅಲ್ಲಿಗೆ ‘ಶುಭಂ’. ಬದುಕು ಮಾತ್ರ ಮುಂದುವರಿಯಿತು. 2004ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರಕ್ಕೆ ನಿಂತು, ಅಲ್ಲಿನ ಹಳೆಯ ಹುಲಿ, ರೈಲ್ವೆ ಸಚಿವರಾಗಿದ್ದ ಸಿ.ಕೆ. ಜಾಫರ್ ಷರೀಫ್ ಅವರನ್ನೇ ಸೋಲಿಸಿದರು. 2008ರ ಜುಲೈ 22ರಂದು, ಅಣು ಒಪ್ಪಂದದ ಗದ್ದಲದ ನಡುವೆ ವಿಶ್ವಾಸಮತ ಬಂದಾಗ ಸ್ವಂತ ಪಕ್ಷದ ಮಾತು ಮೀರಿ ಮನಮೋಹನ್ ಸಿಂಗ್ ಸರ್ಕಾರದ ಪರ ಮತ ಹಾಕಿದರು. ಪಕ್ಷ ಉಚ್ಚಾಟಿಸಿತು. ಮರುವರ್ಷ ಕಾಂಗ್ರೆಸ್ಸಿನಿಂದ ಬೆಂಗಳೂರು ಕೇಂದ್ರದಲ್ಲಿ ನಿಂತು ಪಿ.ಸಿ. ಮೋಹನ್ ಎದುರು ಸೋತರು. ಮುಂದೆ ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗದ ಉಪಾಧ್ಯಕ್ಷರಾದರು. 2018ರ ಮಾರ್ಚ್‌ನಲ್ಲಿ ಬೆಂಗಳೂರಿನ ಸನ್ಮಾನ ಸಮಾರಂಭವೊಂದರಲ್ಲಿ ದೆಹಲಿಯ ನಿರ್ಭಯಾಳ ತಾಯಿಯ ಕುರಿತು ಆಡಿದ ಮಾತಿಗೆ ದೇಶದ ಎಲ್ಲೆಡೆಯಿಂದ ಟೀಕೆ ಎದುರಿಸಿದರು. ಸಿಟ್ಟು ನ್ಯಾಯವಾದದ್ದೇ.

ಇದನ್ನೆಲ್ಲ ಬಿಟ್ಟು ಬರೆದರೆ ಲೇಖನ ಚೊಕ್ಕವಾಗುತ್ತಿತ್ತು. ಆದರೆ ನಿವೃತ್ತ ಅಧಿಕಾರಿಗೆ ನಾವು ಮಾಡುವ ಸನ್ಮಾನದ ಕೊರತೆಯೇ ಅದು. ಮೈಸೂರು ಪೇಟ ಇಟ್ಟು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಯಾವುದೋ ಒಂದು ಸಾಹಸದ ಕಥೆ ಹೇಳಿ ಚಪ್ಪಾಳೆ ತಟ್ಟುತ್ತೇವೆ. ವ್ಯಕ್ತಿಯನ್ನು ಅವನ ಒಂದೇ ವಯಸ್ಸಿನಲ್ಲಿ, ಒಂದೇ ಹುದ್ದೆಯಲ್ಲಿ ಮೊಳೆ ಹೊಡೆದು ನಿಲ್ಲಿಸುತ್ತೇವೆ. ಬಾಂಬು ಬಿದ್ದ ಊರಿನ ಕಡೆಯಿಂದ ಬಂದವರು, ದಕ್ಷರೆಂದು ಹೆಸರಾದವರು, ಗೆದ್ದವರು, ಪಕ್ಷದಿಂದ ಹೊರಬಿದ್ದವರು, ಸೋತವರು, ನಾಲಿಗೆ ತಪ್ಪಿದವರು, ಎಲ್ಲರೂ ಒಬ್ಬರೇ. ಅಷ್ಟೂ ಮಂದಿಗೆ ಸೇರಿ ಒಂದು ಶಾಲು ಹೊದಿಸಲು ನಮಗೆ ಬಂದರೆ ಅದು ಗೌರವ.

ಕೋಯಂಬೇಡಿನಲ್ಲಿ ಅವತ್ತು ಬಂದೂಕು ಎತ್ತಿದ ಪೊಲೀಸರ ಬಗ್ಗೆಯೂ ಯೋಚಿಸುತ್ತೇನೆ. ಗುಂಡು ಹಾರಿಸಿ, ಬಂದೂಕು ಇಳಿಸಿ, ವ್ಯಾನು ಹತ್ತಿ ಠಾಣೆಗೋ ಲೈನಿಗೋ ಮರಳಿರುತ್ತಾರೆ. ಅವರಲ್ಲಿ ಕೆಲವರಿಗೆ ಈಗಾಗಲೇ ನಿವೃತ್ತಿಯೂ ಆಗಿರಬಹುದು. ಇದೇ ಬಸ್ ನಿಲ್ದಾಣದಲ್ಲಿ ನಮ್ಮ ಪಕ್ಕದಲ್ಲೇ ಕೂತು ಚಹಾ ಕುಡಿದರೂ ನಮಗೆ ಗುರುತು ಸಿಗುವುದಿಲ್ಲ. ಅವರ ಹೆಸರಿನ ಸಿನಿಮಾ ಯಾವುದೂ ಇಲ್ಲ.